ಬಣ್ಣ ತೆಗೆಯುವ ನೀರು

ಪಾಲಹಳ್ಳಿ
13 ಫೆಬ್ರವರಿ 2025, ಗುರುವಾರ

ನನ್ನ ಅವ್ವನಿಗೆ,

ನಾಲ್ಕನೇ ಕ್ಲಾಸಿನಲ್ಲಿ ಕಾಗದ ಬರೆಯುವುದನ್ನು ನೀನೇ ನನಗೆ ಕಲಿಸಿದ್ದು. ಮೊದಲು ‘ನಾವೆಲ್ಲ ಕ್ಷೇಮ’ ಎಂದು ಬರಿ, ಆಮೇಲೆ ಮಿಕ್ಕ ವಿಷಯ ಬರಿ ಎಂದಿದ್ದೆ. ಇವತ್ತು ಆ ಮೊದಲ ಸಾಲೇ ಬರೆಯಲಾಗುತ್ತಿಲ್ಲ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಅಪ್ಪ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕುಳಿತರೆ ಊಟಕ್ಕೆ ಎಬ್ಬಿಸುವವರೆಗೂ ಏಳುವುದಿಲ್ಲ. ನಾನು ಕಂಪನಿಗೆ ರಜೆ ಹಾಕಿ ನಿನ್ನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಯಾವುದು, ಮೆಂತ್ಯದ ಡಬ್ಬ ಯಾವುದು ಎಂದು ಮುಚ್ಚಳ ತೆಗೆದು ನೋಡುತ್ತಿದ್ದೇನೆ. ನೀನು ಸೋಮವಾರ ಹೇಳದೆ ಕೇಳದೆ ಕೆ.ಆರ್. ಪೇಟೆಯ ಬಸ್ಸು ಹತ್ತಿ ಹೋದೆ. ನಿನ್ನ ಫೋನು ಫ್ರಿಜ್ಜಿನ ಮೇಲೆ ಬಿದ್ದಿದೆ. ಸೋಮಮ್ಮ ದೊಡ್ಡಮ್ಮನ ಫೋನಿಗೆ ಮಾಡಿದರೆ ‘ನಿಮ್ಮವ್ವ ಉಣಸೇಹಣ್ಣು ಬಿಡುಸ್ತಾ ಕೂತವ್ಳೆ ಕಣವ್ವ’ ಎನ್ನುತ್ತಾಳೆ. ನಾಲ್ಕು ದಿನ ಕೂತು ಬಿಡಿಸುವಷ್ಟು ಹುಣಸೆಮರ ದೊಡ್ಡಮ್ಮನ ಹೊಲದಲ್ಲಿ ಇಲ್ಲ ಎಂದು ನನಗೂ ಗೊತ್ತು.

ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ನಿನಗೆ ಬರುವುದಿಲ್ಲ.

ಭಾನುವಾರ ನಡೆದದ್ದನ್ನು ನಿನಗೆ ಹೇಳಬೇಕಾಗಿಲ್ಲ, ನೀನೇ ಅಲ್ಲಿದ್ದೆ. ಆದರೂ ಬರೆಯುತ್ತೇನೆ. ನಾಲ್ಕು ದಿನದಿಂದ ಕಣ್ಣು ಮುಚ್ಚಿದರೆ ಸಾಕು, ಅದೇ ನಡೆಯುತ್ತಿದೆ.

ಹೂ ಮುಡಿಸುವ ಶಾಸ್ತ್ರ ಮುಗಿದಿತ್ತು. ನಾಗಮಂಗಲದ ಬೀಗರು ಊಟ ಮುಗಿಸಿ ನಡುಮನೆಯಲ್ಲಿ ಆರಾಮಾಗಿ ಕುಳಿತಿದ್ದರು. ಮಂಜುನಾಥ ಕಂಬಕ್ಕೆ ಒರಗಿಕೊಂಡು, ನನ್ನನ್ನು ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಕ್ಯಾಲೆಂಡರ್ ನೋಡುತ್ತಿದ್ದ. ಅವನ ಅಮ್ಮ ಚಿಕ್ಕಬೋರಮ್ಮನವರು ಎಲೆಗೆ ಸುಣ್ಣ ಸವರುತ್ತಾ ನನ್ನನ್ನು ಕೇಳಿದರು, ‘ಅದೇನೋ ಮೈಸೂರಲ್ಲಿ ಸೋಪಿನ್ ಕಂಪ್ನಿ ಅಂದ್ರಲ್ಲ, ಅಲ್ಲೇನ್ ಮಾಡ್ತೀಯವ್ವ? ಸೋಪು ಕುಯ್ತೀಯಾ?’ ಎಲ್ಲರೂ ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ನಿಜ. ಆದರೆ ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತಲ್ಲ. ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿ, ಲ್ಯಾಬಿನಲ್ಲಿ ಎಂಟು ತಿಂಗಳು ಒದ್ದಾಡಿ ಮುಖದ ಬಣ್ಣ ತೆಗೆಯುವ ಹೊಸ ನೀರು ತಯಾರಿಸಿದವಳು ಸೋಪು ಕೊಯ್ಯುವವಳೇ? ತೋರಿಸಿಯೇ ಬಿಡುತ್ತೇನೆ ಎಂದು ಎದ್ದೆ.

ತೋರಿಸಲು ಅಪ್ಪ ಎದುರಿಗೇ ಸಿಕ್ಕಿದ. ಹಿಂದಿನ ದಿನ ಪಾಂಡವಪುರದ ನಾಟಕದಲ್ಲಿ ಎಂದಿನಂತೆ ರಾಕ್ಷಸನ ಪಾರ್ಟು ಹಾಕಿ ಬಂದಿದ್ದ. ಮೂರು ಸಲ ಸೋಪು ಹಾಕಿ ಉಜ್ಜಿದ್ದರೂ ಕಿವಿಯ ಹಿಂದೆ ಕೆಂಪು ಬಣ್ಣ ಉಳಿದಿತ್ತು. ಕಂಪನಿಯಿಂದ ತಂದು ಕಿಟಕಿಯಲ್ಲಿಟ್ಟಿದ್ದ ಅದರ ಸೀಸೆ ತೆಗೆದುಕೊಂಡು, ಹತ್ತಿಗೆ ನಾಲ್ಕು ತೊಟ್ಟು ಹಾಕಿ, ಉಜ್ಜದೆ ಸುಮ್ಮನೆ ಒತ್ತಿ ತೆಗೆದೆ. ಬಣ್ಣವೆಲ್ಲ ಹತ್ತಿಗೆ ಬಂತು. ಬೀಗರ ಕಡೆಯ ಹೆಂಗಸರು ಹತ್ತಿರ ಸರಿದು ನೋಡಿದರು.

ಆಮೇಲೆ ನನ್ನ ಭಾಷಣ. ಎಣ್ಣೆ ನೀರು ಒಂದಕ್ಕೊಂದು ಸೇರುವುದಿಲ್ಲ, ಡ್ರಾಮಾದ ಬಣ್ಣದಲ್ಲಿ ಮೇಣವೂ ಎಣ್ಣೆಯೂ ಇರುತ್ತದೆ, ಬಿಂದಿಗೆಗಟ್ಟಲೆ ನೀರು ಎರಚಿದರೂ ಅದು ಜಗ್ಗುವುದಿಲ್ಲ, ಅದಕ್ಕೆ ನಡುವೆ ಒಬ್ಬ ದಲ್ಲಾಳಿ ಬೇಕು ಎಂದೆ. ಆ ದಲ್ಲಾಳಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಕಂಡರೆ ಪ್ರೀತಿ, ಬಾಲಕ್ಕೆ ಎಣ್ಣೆ ಕಂಡರೆ ಪ್ರೀತಿ. ಬಾಲ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ತಲೆ ಅದನ್ನು ನೀರಿಗೆ ಎಳೆದು ತರುತ್ತದೆ. ಸೋಪೂ ಇದೇ ಜಾತಿ. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರುವುದೂ ಇಂಥದ್ದರಿಂದಲೇ. ಆದರೆ ಸೋಪಿನ ಕೈ ಒರಟು, ಚರ್ಮಕ್ಕೆ ಬೇಕಾದ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ, ಅದಕ್ಕೇ ಮುಖ ಬಿಗಿಯುತ್ತದೆ. ನಾನು ಮಾಡಿದ್ದು ಮೆತ್ತನೆಯದು, ಅದರ ತಲೆ ಸಕ್ಕರೆಯಿಂದ ಮಾಡಿದ್ದು, ಬಾಲ ತೆಂಗಿನೆಣ್ಣೆಯಿಂದ ಮಾಡಿದ್ದು ಎಂದೆ. ಅಪ್ಪ ‘ಸಕ್ರೆ, ಕೊಬ್ರಿ ಅಂದ್ಮೇಲೆ ಅದು ಮಿಠಾಯಿನೇ ಆಯ್ತಲ್ಲ ಕಣವ್ವ’ ಎಂದ. ಮನೆಯೆಲ್ಲ ನಗು. ನಾನು ಅಷ್ಟಕ್ಕೆ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ಏನೆಂದು ಕರೆದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ‘ಬಾರವ್ವ ಇಲ್ಲಿ, ನಿನ್ನ ಪೌಡರ್ ಬಂಡವಾಳ ಬಯಲು ಮಾಡ್ತೀನಿ’ ಎಂದೆ. ನೀನು ಸೆರಗಿಗೆ ಕೈ ಒರೆಸಿಕೊಂಡು ಬಂದು ಚಿಕ್ಕಬೋರಮ್ಮನವರ ಪಕ್ಕದಲ್ಲೇ ಕುಳಿತು ಎಡಗೆನ್ನೆ ಕೊಟ್ಟೆ. ನಾನು ಇನ್ನೂ ನಗುತ್ತಲೇ ಇದ್ದೆ.

ಹತ್ತಿಗೆ ಗೋಧಿ ಬಣ್ಣ ಬಂತು. ಹತ್ತಿಯ ಕೆಳಗೆ ಬಿಳಿ ಬಂತು. ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ, ನನ್ನ ಅಂಗೈಯಷ್ಟು ಅಗಲ, ಅಚ್ಚ ಬಿಳಿ. ನನ್ನ ಔಷಧಿ ನಿನ್ನ ಚರ್ಮವನ್ನು ಸುಟ್ಟುಬಿಟ್ಟಿತು ಎಂದುಕೊಂಡೆ. ಯಾವುದೋ ಲೆಕ್ಕ ತಪ್ಪಿದೆ, ಯಾವುದೋ ಆಮ್ಲ ಹೆಚ್ಚಾಗಿದೆ, ನನ್ನ ಕೈಯಾರೆ ಹೆತ್ತವಳ ಮುಖ ಕೆಡಿಸಿದೆ ಎಂದುಕೊಂಡೆ. ಸೀಸೆ ಕೈ ಜಾರಿ ಬಿತ್ತು. ಆಮೇಲೆ ಚಿಕ್ಕಬೋರಮ್ಮನವರು ‘ಅಯ್ಯೋ ಶಿವ್ನೆ, ತೊನ್ನು’ ಎಂದು ಸರಿದು ಕುಳಿತಾಗಲೇ ನನಗೆ ತಿಳಿದದ್ದು. ಅದು ಸುಟ್ಟದ್ದಲ್ಲ, ಬಹಳ ದಿನದಿಂದ ಅಲ್ಲೇ ಇದ್ದದ್ದು.

ನಡುಮನೆಯಲ್ಲಿ ಹದಿನಾಲ್ಕು ಜನ ಇದ್ದರು. ನೀನು ಒಬ್ಬಳೇ ಎದ್ದೆ. ಅರ್ಧ ಮುಖ ಗೋಧಿ, ಅರ್ಧ ಮುಖ ಬಿಳಿ. ಸೆರಗು ಎಳೆದುಕೊಳ್ಳಲೂ ಇಲ್ಲ. ತಟ್ಟೆ ತೆಗೆದುಕೊಂಡು ಬೀಗರಿಗೆಲ್ಲ ಒಬ್ಬೊಬ್ಬರಿಗಾಗಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಕೊಟ್ಟೆ. ಅವರು ತೆಗೆದುಕೊಳ್ಳಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಘಾತಕ್ಕೆ ನಿನ್ನ ಬುದ್ಧಿ ಮಂಕಾಗಿದೆ, ಏನು ಮಾಡುತ್ತಿದ್ದೇನೆಂದು ನಿನಗೇ ಗೊತ್ತಿಲ್ಲ ಎಂದುಕೊಂಡೆ. ಹೋಗಿ ನಿನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳಬೇಕಿತ್ತು. ಹೋಗಲಿಲ್ಲ.

ನೀನು ಹೇಗೆ ಮೋಸಹೋದೆ ಎಂದು ಈಗ ನನಗೆ ಅರ್ಥವಾಗಿದೆ. ತಪ್ಪು ನನ್ನ ಸೀಸೆಯದು. ನಾನು ಹೇಳಿದ ಆ ತಲೆ ಬಾಲದ ಕಣಗಳು ನೀರಿನಲ್ಲಿ ಹೆಚ್ಚಾದಾಗ ಬಾಲಗಳನ್ನೆಲ್ಲ ಒಳಗೆ ಸೇರಿಸಿಕೊಂಡು, ತಲೆಗಳನ್ನು ಹೊರಗೆ ಮಾಡಿ, ಸಣ್ಣ ಸಣ್ಣ ಉಂಡೆ ಕಟ್ಟಿಕೊಳ್ಳುತ್ತವೆ. ಜಿಡ್ಡು ಸಿಕ್ಕಿದರೆ ಉಂಡೆಯೊಳಕ್ಕೆ ಎಳೆದುಕೊಳ್ಳುತ್ತವೆ. ಆ ಉಂಡೆ ಎಷ್ಟು ಸಣ್ಣದೆಂದರೆ ಬೆಳಕಿಗೂ ಅಡ್ಡ ಬರುವುದಿಲ್ಲ, ಹಾಗಾಗಿ ಸೀಸೆಯೊಳಗೆ ನೋಡಿದರೆ ತಿಳಿನೀರು. ವಾಸನೆಯಿಲ್ಲ, ಬಣ್ಣವಿಲ್ಲ, ಅಲುಗಿಸದಿದ್ದರೆ ನೊರೆಯೂ ಇಲ್ಲ. ಕಾವೇರಿ ನೀರಿನ ಹಾಗೇ ಕಾಣುತ್ತದೆ ಎಂದು ಕಂಪನಿಯಲ್ಲಿ ನನ್ನ ಬೆನ್ನು ತಟ್ಟಿದ್ದರು. ಇಷ್ಟು ವರ್ಷ ನೀನು ನೀರಿಗೆ ಹೆದರಿರಲಿಲ್ಲ. ಮಳೆಯಲ್ಲಿ ನೆಂದರೂ, ಬೆವರಿದರೂ, ಮುಖ ತೊಳೆದರೂ ಆ ಬಣ್ಣ ಹೋಗುವುದಿಲ್ಲ ಎಂದು ನಿನಗೆ ಗೊತ್ತಿತ್ತು. ನೀರು ತಾನೆ ಎಂದು ಕೆನ್ನೆ ಕೊಟ್ಟೆ. ನಾನು ನಿನ್ನ ನಂಬಿಕೆಗೇ ಬಾಂಬು ಇಟ್ಟ ಹಾಗಾಯಿತು.

ನೀನು ಹೆದರುತ್ತಿದ್ದದ್ದು ಎಣ್ಣೆಗೆ. ಅದೂ ಈಗ ಹೊಳೆಯಿತು. ಯುಗಾದಿಗೆ ಮನೆಮಂದಿಗೆಲ್ಲ ನೀನೇ ತಲೆಗೆ ಎಣ್ಣೆ ಒತ್ತುತ್ತಿದ್ದೆ, ನಿನ್ನ ತಲೆಗೆ ಕೈ ಹಾಕಲು ಬಂದರೆ ‘ನಂಗೆ ನೆಗಡಿ ಕಣ್ರವ್ವ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ವರ್ಷಾವರ್ಷ ಯುಗಾದಿಯ ದಿನವೇ ನೆಗಡಿ ಬರುವುದನ್ನು ನೋಡಿ ನಾವು ತಮಾಷೆ ಮಾಡುತ್ತಿದ್ದೆವು. ಎಣ್ಣೆ ಹಣೆಯಿಂದ ಕೆನ್ನೆಗಿಳಿದರೆ ಬಣ್ಣ ಕರಗುತ್ತದೆ, ಅಲ್ಲವೇ? ಕೆಮಿಸ್ಟ್ರಿ ಓದಿದ ನನಗೆ ಅದು ತೋಚಲಿಲ್ಲ, ಹತ್ತನೇ ಕ್ಲಾಸು ಓದಿದ ನಿನಗೆ ಗೊತ್ತಿತ್ತು.

ಮಂಗಳವಾರ ನಿನ್ನ ಬೀರುವಿನಲ್ಲಿ ಹಳೆಯ ಬಿಸ್ಕತ್ತು ಡಬ್ಬ ಸಿಕ್ಕಿತು. ಒಳಗೆ ಮುಖಕ್ಕೆ ಬಳಿಯುವ ಗೋಧಿ ಬಣ್ಣದ ಎರಡು ಕಡ್ಡಿ, ಒಂದು ಸ್ಪಂಜು, ಒಂದು ಕೈಗನ್ನಡಿ. ಕಡ್ಡಿಯ ಮೇಲೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯೇ ಇರಲಿಲ್ಲ. ಅದರಲ್ಲಿ ಸೀಸವಿದೆಯೋ ಪಾದರಸವಿದೆಯೋ ಎಂದು ಹೆದರಿ ಶ್ರೀರಂಗಪಟ್ಟಣಕ್ಕೆ ಹೋದೆ. ನಾಟಕದವರಿಗೆ ಬಣ್ಣ ಬಳಿಯುವ ಮರಿ­ಯಯ್ಯ ಇದ್ದಾನಲ್ಲ, ಅವನ ಡ್ರೆಸ್ ಅಂಗಡಿಗೆ. ಕಡ್ಡಿ ತೋರಿಸಿದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿದ.

ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ. ‘ನಿಮ್ಮಪ್ಪ ಒನ್ನಪ್ಪಂಗೆ ಪದ್ಯ ಬರಾಕಿಲ್ಲ, ತಾಳ ಬರಾಕಿಲ್ಲ. ಆರ್ಮೋನಿಯಂ ಪೇಟಿ ಮೇಷ್ಟ್ರು ಮೂರ್ ಸಲ ಬ್ಯಾಡ ಬುಡಪ್ಪ ಅಂದ್ರು. ಆದ್ರೂ ಅನ್ನೊಂದ್ ವರ್ಸದಿಂದ ವರ್ಸಾ ವರ್ಸಾ ಬಂದು ಪಾರ್ಟು ಕೊಡಿ ಅಂತ ಕೂರ್ತಾನೆ. ಯಾಕೇಳು? ಬೇಸಾಯ್ದೋರ ಮನೇಲಿ ಬಣ್ಣದ್ ಕಡ್ಡಿ ಯಾಕೈತೆ ಅಂತ ಯಾರಾರ ಕೇಳುದ್ರೆ, ಏಳಕ್ಕೊಂದು ನೆಪ ಬ್ಯಾಡ್ವಾ? ರಾಕ್ಷಸನ್ ಮುಖಕ್ಕೆ ಯಾವನಾರ ಗೋದಿ ಬಣ್ಣ ಬಳೀತಾನೇನವ್ವ? ಮೊದುಲ್ನೇ ವರ್ಸಾನೇ ನಂಗೆ ಅನ್ಮಾನ ಬಂತು. ಕೇಳ್ನಿಲ್ಲ. ಬಣ್ಣ ಕಲಸ್ಕೊಟ್ಟೆ.’

ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಪ್ಪ ಸ್ಟೇಜಿನ ಮೇಲೆ ಪದ್ಯ ಮರೆತು ಗದೆ ಹಿಡಿದು ನಿಂತಾಗ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದವರಲ್ಲಿ ನಾನೂ ಒಬ್ಬಳು. ‘ನಿನಗ್ಯಾಕಪ್ಪ ಈ ಹುಚ್ಚು’ ಎಂದು ಎಷ್ಟು ಸಲ ರೇಗಿಲ್ಲ? ಮನೆಗೆ ಬಂದು ಕೇಳಿದರೆ ಅಪ್ಪ ಹಸುವಿನ ಹುಲ್ಲು ಸರಿಮಾಡುತ್ತಾ, ‘ನಂಗೆ ಗೊತ್ತಿಲ್ದೆ ಇರ್ತದಾ? ಅವ್ಳು ಏಳ್ಬ್ಯಾಡ ಅಂದ್ಲು, ಏಳ್ನಿಲ್ಲ’ ಎಂದ, ಅಷ್ಟೆ. ಒಂದೇ ಸೂರಿನಡಿ ಇಬ್ಬರು ಹನ್ನೊಂದು ವರ್ಷ ಇಷ್ಟು ದೊಡ್ಡ ವಿಷಯವನ್ನು ಹೊತ್ತುಕೊಂಡು ಓಡಾಡಿದ್ದೀರಿ, ನನಗೆ ಒಂದು ಸುಳಿವೂ ಸಿಕ್ಕಿಲ್ಲ. ನನಗೆ ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ, ಯಾವುದು ಮೊದಲು ಎಂದು ಗೊತ್ತಾಗುತ್ತಿಲ್ಲ.

ನಿನ್ನೆ ನಾಗಮಂಗಲದಿಂದ ಫೋನು ಬಂತು. ಮಂಜುನಾಥನದು ಏನೂ ತಕರಾರಿಲ್ಲ. ಅವನು ನನ್ನ ಹತ್ತಿರ ಬೇರೆಯಾಗಿ ಮಾತಾಡಿದ, ಮದುವೆ ನಿಲ್ಲುವುದಿಲ್ಲ ಎಂದ. ಆದರೆ ಅವನ ಅಮ್ಮ ಒಂದು ಮಾತು ಇಟ್ಟಿದ್ದಾರೆ. ಮಾರ್ಚ್ ಹತ್ತರಂದು ಧಾರೆಗೆ ನೀನು ನಿಲ್ಲಬಾರದಂತೆ. ನಿನ್ನ ಬದಲು ದೊಡ್ಡಮ್ಮ ದೊಡ್ಡಪ್ಪ ನಿಂತು ನಮ್ಮ ಕೈ ಮೇಲೆ ಹಾಲು ಎರೆಯಬೇಕಂತೆ, ನೀನು ಒಳಗೆ ಇರಬೇಕಂತೆ. ಅಪ್ಪ ಫೋನು ಹಿಡಿದುಕೊಂಡು ‘ಆಯ್ತು, ಕೇಳಿ ಏಳ್ತೀನಿ’ ಎಂದ. ನಾನು ಫೋನು ಕಿತ್ತುಕೊಂಡು ‘ಆಗಲ್ಲ’ ಎಂದೆ. ನೀನು ಕೆ.ಆರ್. ಪೇಟೆಗೆ ಓಡಿಹೋದದ್ದೂ ಇದಕ್ಕೇ ಇರಬೇಕು, ಅವರು ಕೇಳುವ ಮೊದಲೇ ಜಾಗ ಖಾಲಿ ಮಾಡಿಕೊಟ್ಟೆ.

ಅವ್ವ, ಇದು ಅಂಟುವ ರೋಗವಲ್ಲ. ಶಾಪವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಅಲ್ಲಲ್ಲಿ ಕೆಲಸ ನಿಲ್ಲಿಸಿವೆ, ಅಷ್ಟೆ. ಯಾರ ಪಾಪವೂ ಅದರಲ್ಲಿ ಇಲ್ಲ. ಧಾರೆಗೆ ನೀನೇ ನಿಲ್ಲಬೇಕು. ಬಣ್ಣ ಹಚ್ಚಿಕೊಂಡಾದರೂ ನಿಲ್ಲು, ಹಚ್ಚಿಕೊಳ್ಳದೆಯಾದರೂ ನಿಲ್ಲು. ನೀನು ನಿಲ್ಲದಿದ್ದರೆ ನಾನು ಹಸೆಮಣೆ ಹತ್ತುವುದಿಲ್ಲ. ಇದು ಬೆದರಿಕೆ ಎಂದುಕೊಂಡರೂ ಸರಿ.

ಇಲ್ಲಿಗೆ ಮುಗಿಸಿ ಸಹಿ ಹಾಕಿದ್ದೆ. ಕವರಿಗೆ ಹಾಕಿ ಅಂಟಿಸಿಯೂ ಇದ್ದೆ. ಮತ್ತೆ ಹರಿದು ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ.

ಸೀಸೆ ಕೈ ಜಾರಿ ಬೀಳಲಿಲ್ಲ. ನನ್ನ ಕೈ ಹಿಂದಕ್ಕೆ ಬಂತು. ನಾನು ಎಳೆದುಕೊಂಡೆ. ನಿನ್ನ ಕೆನ್ನೆ ತಾಗಿದ್ದ ಬೆರಳುಗಳನ್ನು ರೇಷ್ಮೆ ಸೀರೆಯ ಸೆರಗಿಗೆ ಒರೆಸಿಕೊಂಡೆ. ಎರಡು ಸಲ. ಸುಟ್ಟಿದೆ ಎಂದುಕೊಂಡೆ, ಗಾಬರಿಯಾಯಿತು ಎಂದೆಲ್ಲ ನಾಲ್ಕು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸುಟ್ಟಿದೆ ಎಂದುಕೊಂಡವಳು ತಣ್ಣೀರು ತರಲು ಓಡಬೇಕಿತ್ತು, ಲ್ಯಾಬಿನಲ್ಲಿ ನಮಗೆ ಕಲಿಸುವ ಮೊದಲ ಪಾಠವೇ ಅದು. ನಾನು ನೀರು ತರಲಿಲ್ಲ, ಕೈ ಒರೆಸಿಕೊಂಡೆ. ಅಂಟುವುದಿಲ್ಲ ಎಂದು ಪುಸ್ತಕದಲ್ಲಿ ಓದಿದವಳು, ಈಗ ನಿನಗೇ ಪಾಠ ಹೇಳುತ್ತಿರುವವಳು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ನೀನು ಅದನ್ನು ನೋಡಿರಬಾರದು ಎಂದು ಬೇಡಿಕೊಳ್ಳುತ್ತಿದ್ದೇನೆ. ನೋಡಿದ್ದರೆ, ಬಂದು ಬಾಯಿಗೆ ಬಂದಂತೆ ಬೈದುಬಿಡು. ಸುಮ್ಮನಿರಬೇಡ.

ನಿನ್ನ
ಚಿನ್ನು

ಮರೆತಿದ್ದೆ: ಬಿ.ಪಿ. ಮಾತ್ರೆಯ ಪಟ್ಟಿ ಇಲ್ಲೇ ಬಿಟ್ಟು ಹೋಗಿದ್ದೀಯ. ಕವರಿನೊಳಗೆ ಇಟ್ಟಿದ್ದೇನೆ, ದಿನಾ ಬೆಳಿಗ್ಗೆ ಒಂದು.


ಕೆ.ಆರ್. ಪೇಟೆ
20-2-2025

ಮಗಳು ಚಿನ್ನುವಿಗೆ ನಿನ್ನ ಅವ್ವ ಬರೆಯುವುದು.

ನಿನ್ನ ಕಾಗದ ಮಂಗಳವಾರ ಬಂತು. ನಿಮ್ಮ ದೊಡ್ಡಮ್ಮನ ಕನ್ನಡಕ ಎಲ್ಲೋ ಕಳೆದುಹೋಗಿದ್ದರಿಂದ ಅವಳು ಇಣುಕಲಿಲ್ಲ, ನಾನೊಬ್ಬಳೇ ಓದಿಕೊಂಡೆ, ಒಳ್ಳೆಯದೇ ಆಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನೀನು ಸಾಸಿವೆ ಹುಡುಕಬೇಡ, ಅದು ಕಾಫಿಪುಡಿ ಡಬ್ಬದಲ್ಲಿದೆ.

ನಾನು ಓಡಿಬಂದಿಲ್ಲ. ಇಲ್ಲಿ ಹುಣಸೆಹಣ್ಣಿನ ಕೆಲಸ ನಿಜವಾಗಿಯೂ ಇದೆ. ಸ್ವಂತ ಮರ ಹೆಚ್ಚಿಲ್ಲದಿದ್ದರೂ ಪಕ್ಕದವರದ್ದು ಎರಡು ಮರ ಗುತ್ತಿಗೆ ತೆಗೆದುಕೊಂಡಿದ್ದಾರೆ. ಶಾಸ್ತ್ರಕ್ಕೆ ಬಂದಾಗಲೇ ದೊಡ್ಡಮ್ಮ ಕರೆದಿದ್ದಳು, ಬಂದೆ. ನೀನು ಏನೇನೋ ಕಲ್ಪಿಸಿಕೊಂಡು ಕಣ್ಣೀರು ಹಾಕಬೇಡ.

ಆ ಮಚ್ಚೆ ಮೊದಲು ಅಕ್ಕಿಕಾಳಿನಷ್ಟು ಇತ್ತು. ಆಗ ನೀನು ಮೊದಲನೇ ಪಿ.ಯು.ಸಿ. ನಿಮ್ಮಪ್ಪ ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಅಂಟುವುದಿಲ್ಲ, ಭಯ ಬೇಡ, ಮುಲಾಮು ಹಚ್ಚಿ ಎಂದರು. ಅದು ನಿಮ್ಮಪ್ಪನಿಗೆ ಕೇಳಿಸಿತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಿನ್ನ ಮದುವೆ ಒಂದೇ. ಹೆಣ್ಣು ನೋಡಲು ಬಂದವರು ಮೊದಲು ತಾಯಿಯ ಮೈಕೈ ನೋಡುತ್ತಾರೆ ಎಂದು ನನಗೆ ಗೊತ್ತಿಲ್ಲವೇ, ನಾನೂ ನಾಲ್ಕು ಮನೆಗೆ ಹೆಣ್ಣು ನೋಡಲು ಹೋದವಳೇ. ನಾನೂ ಹಾಗೇ ನೋಡಿದ್ದೇನೆ.

ನಿಮ್ಮಪ್ಪನನ್ನು ಜನ ನಗುವಾಗ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಇನ್ನು ಪಾರ್ಟು ಬಿಟ್ಟುಬಿಡಿ ಎಂದು ಹೇಳು. ಬಿಡುತ್ತಾರೋ ಇಲ್ಲವೋ, ಈಗ ಅವರಿಗೇ ರುಚಿ ಹತ್ತಿದ ಹಾಗೆ ಕಾಣುತ್ತದೆ.

ಇಲ್ಲಿ ಮುಖಕ್ಕೆ ಏನೂ ಹಚ್ಚುತ್ತಿಲ್ಲ. ದೊಡ್ಡಮ್ಮ ಮೊದಲ ದಿನ ಅತ್ತಳು. ಎರಡನೇ ದಿನ, ಒಡಹುಟ್ಟಿದವಳಿಗೂ ಹೇಳಲಿಲ್ಲವಲ್ಲ ಎಂದು ಬೈದಳು. ಮೂರನೇ ದಿನ ಹಿಡಿದು ಕೂರಿಸಿ ತಲೆಗೆ ಎಣ್ಣೆ ಒತ್ತಿದಳು. ಎಣ್ಣೆ ಕಣ್ಣಿಗಿಳಿದು ಉರಿಯಿತು, ಆದರೂ ಹಿತವಾಗಿತ್ತು.

ಧಾರೆಯ ವಿಷಯ. ದೊಡ್ಡಮ್ಮನ ಫೋನಿನಿಂದ ನಾನೇ ಬೀಗಿತ್ತಿಗೆ ಮಾಡಿದೆ. ನಾನೇ ಎರೆಯುತ್ತೇನೆ ಎಂದು ಹೇಳಿದೆ. ಅವರು ‘ನಿಮ್ ಮಗ್ಳೇ ಕೈ ಎಳ್ಕಂಡ್ಳಲ್ಲ, ನಾವ್ ನೋಡ್ನಿಲ್ವಾ? ಅವ್ಳೇ ಮುಟ್ನಿಲ್ಲ, ನಮ್ಮನ್ನೇನ್ ಕೇಳೀರಿ?’ ಎಂದರು. ‘ಅವ್ಳು ಎದುರ್ಕಂಡ್ಲು ಕಣವ್ವ, ನಂಗೆ ನೋವಾಯ್ತದೆ ಅಂತ ಕೈ ತಗುದ್ಲು, ಅಸಯ್ಯ ಪಟ್ಟು ಅಲ್ಲ’ ಎಂದೆ. ಆಮೇಲೆ ಅವರು ‘ಆಯ್ತು, ನೀವೇ ಎರೀರಿ. ಆದ್ರೆ ಮುಖಕ್ಕೆ ಬಣ್ಣ ಬಳ್ಕಂಡು ಬರ್ಬ್ಯಾಡಿ. ಮುಚ್ಚಿಟ್ಟು ಎಣ್ಣು ಕೊಟ್ರು ಅಂತ ನಮ್ಮೋರು ಆಡ್ಕತ್ತಾರೆ’ ಎಂದರು. ಅವರು ಹೇಳಿದ್ದು ನ್ಯಾಯವೇ. ಹಾಗೇ ಬರುತ್ತೇನೆ ಎಂದೆ.

ನೀನು ಕೈಯ ವಿಚಾರ ಬರೆದಿದ್ದೀಯ. ನಾನು ಅದನ್ನು ನೋಡಲೇ ಇಲ್ಲ. ನಿನ್ನ ಕಾಗದ ಓದಿದ ಮೇಲೇ ನನಗೆ ಗೊತ್ತಾದದ್ದು. ನಿನ್ನ ಔಷಧಿ ಕಣ್ಣಿಗೆ ಹೋಗುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮದುವೆ ಬೇಡ ಎನ್ನುವ ಮಾತನ್ನು ಇನ್ನೊಮ್ಮೆ ಬಾಯಿಗೆ ತರಬೇಡ. ಕೆಲಸಕ್ಕೆ ಹೋಗು, ರಜೆಯನ್ನೆಲ್ಲ ಈಗಲೇ ಮುಗಿಸಿದರೆ ಮದುವೆಗೆ ಏನು ಮಾಡುತ್ತೀಯ. ನಾನು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಮ್ಮಪ್ಪನಿಗೆ ಹೇಳು, ಹಸುವಿಗೆ ಹಿಂಡಿ ಕಡಿಮೆ ಮಾಡಬಾರದು.

ಇಂತಿ ನಿನ್ನ ಅವ್ವ
ಪುಟ್ಟಗೌರಮ್ಮ

ಇನ್ನೊಂದು ಮಾತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ನೀನು ನಿನ್ನ ಸುಳ್ಳನ್ನು ಹರಿದು ತೆಗೆದು ನಿಜ ಬರೆದೆ. ನಾನು ದೊಡ್ಡವಳಾಗಿ ಬರೆಯದಿದ್ದರೆ ಹೇಗೆ. ನಾನು ನೀರು ಎಂದುಕೊಂಡು ಮೋಸಹೋಗಲಿಲ್ಲ, ಮಗ. ಶನಿವಾರ ನೀನು ಸ್ನಾನಕ್ಕೆ ಹೋದಾಗ ಸೀಸೆಯಿಂದ ಎರಡು ತೊಟ್ಟು ಹತ್ತಿಗೆ ಹಾಕಿ ಕಿವಿಯ ಕೆಳಗೆ ಒರೆಸಿ ನೋಡಿದ್ದೆ. ಒಂದೇ ಸಲಕ್ಕೆ ಬಣ್ಣ ಬಂತು. ಮೊದಲು ಹೆದರಿಕೆಯಾಯಿತು, ಆಮೇಲೆ ಹಗುರವೂ ಆಯಿತು. ಮದುವೆಯಾದ ಮೇಲೆ ಅವರಿಗೆ ತಿಳಿದರೆ ದಿನಾ ನಿನ್ನನ್ನು ಹಂಗಿಸುತ್ತಾರೆ, ಮೊದಲೇ ನೋಡಿಬಿಡಲಿ ಎಂದು ನಿರ್ಧಾರ ಮಾಡಿದೆ. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ನೀನು ಕರೆದಾಗ ಇದೇ ಸಮಯ ಎಂದು ಬಂದು ಕುಳಿತು, ಬೇಕೆಂದೇ ಎಡಗೆನ್ನೆ ಕೊಟ್ಟೆ. ಕಣ್ಣನ್ನೂ ಮುಚ್ಚಿರಲಿಲ್ಲ. ಬೀಗರು ಏನನ್ನಬಹುದು, ಊರವರು ಏನನ್ನಬಹುದು, ನಿಮ್ಮಪ್ಪ ಎಷ್ಟು ನೊಂದುಕೊಳ್ಳಬಹುದು, ಎಲ್ಲವನ್ನೂ ಶನಿವಾರವೇ ಯೋಚಿಸಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನಿನ್ನ ಕೈಯೊಂದನ್ನು ಯೋಚಿಸಿರಲಿಲ್ಲ.